ಮಾರ್ಸೂಪಿಯಲ್: ಒಂದು ಶಬ್ದವಿಚಾರ

ಪ್ರಾಣಿಶಾಸ್ತ್ರದ ಪಾಠದಲ್ಲಿ ಕನ್ನಡ ಪಂಡಿತನಿಗೇನು ಕೆಲಸವೆಂದು ಕೇಳುವವರು ಉಂಟು. ಹೆಸರು ಎಲ್ಲಿರುವುದೋ ಅಲ್ಲೆಲ್ಲ ಶಬ್ದಶಾಸ್ತ್ರಕ್ಕೆ ಪ್ರವೇಶವುಂಟು. ಹೆಸರಿನ ಹಂಗಿಲ್ಲದೆ ನಡೆಯುವ ವಿಜ್ಞಾನವಾದರೋ ಎಲ್ಲಿಯೂ ಇಲ್ಲ. ವೈದ್ಯನಾಗಲಿ, ಖಗೋಳಜ್ಞನಾಗಲಿ, ಪ್ರಾಣಿಶಾಸ್ತ್ರಜ್ಞನಾಗಲಿ ಮೊದಲು ಮಾಡುವ ಕಾರ್ಯ ಹೆಸರಿಡುವುದು. ಆ ಹೆಸರು ಒಮ್ಮೆ ಪುಸ್ತಕವನ್ನು ಹೊಕ್ಕಿತೆಂದರೆ, ವಸ್ತುವನ್ನು ಕಣ್ಣಾರೆ ಕಾಣದ ದೂರದೇಶದ ಮಕ್ಕಳು ಆ ಹೆಸರಿನ ಮೂಲಕವೇ ವಸ್ತುವನ್ನು ಕಾಣಬೇಕಾಗುತ್ತದೆ. ನಮ್ಮ ತರಗತಿಗಳಲ್ಲಿ ಸಸ್ತನಿಗಳ ವಿಭಾಗವನ್ನು ಬೋಧಿಸುವಾಗ ಬರುವ ‘ಮಾರ್ಸೂಪಿಯಲ್’ ಎಂಬ ಮಾತು ಇಂಥದು. ‘ಹೊಟ್ಟೆಯ ಮೇಲೆ ಚೀಲವುಳ್ಳ ಪ್ರಾಣಿಗಳಿಗೆ ಮಾರ್ಸೂಪಿಯಲ್‌ಗಳೆಂದು ಹೆಸರು, ಉದಾಹರಣೆ, ಕಾಂಗರೂ’ ಎಂದು ಒಂದು ವಾಕ್ಯವನ್ನು ಬರೆಯಿಸುತ್ತೇವೆ. ವಿದ್ಯಾರ್ಥಿಯು ಅದನ್ನು ಕಂಠಪಾಠ ಮಾಡಿ ಒಪ್ಪಿಸುತ್ತಾನೆ, ಅಂಕವೂ ದೊರೆಯುತ್ತದೆ. ಆ ವಾಕ್ಯವು ಹೆಸರಿನ ಅರ್ಥವನ್ನು ಹೇಳುತ್ತದೆಯೇ, ಅಥವಾ ಆ ಪ್ರಾಣಿಯ ಲಕ್ಷಣವನ್ನು ಹೇಳುತ್ತದೆಯೇ ಎಂಬ ವಿಚಾರವನ್ನು ಉಪಾಧ್ಯಾಯ ಮಿತ್ರರ ಮುಂದೆ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ಶಬ್ದದ ಮೂಲವನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ಮಾರ್ಸೂಪಿಯಂ’ ಎಂದರೆ ಹಣವನ್ನು ಇಟ್ಟುಕೊಳ್ಳುವ ಚಿಕ್ಕ ಚೀಲ. ಪ್ರಾಚೀನ ರೋಮಿನ ಪ್ರಹಸನಕಾರನಾದ ಪ್ಲಾಟಸನ ನಾಟಕಗಳಲ್ಲಿ ಈ ಶಬ್ದವು ಹಣದ ಚೀಲವೆಂಬ ಅರ್ಥದಲ್ಲಿಯೇ ಬರುತ್ತದೆ. ಲ್ಯಾಟಿನ್ನಿಗೆ ಅದು ಗ್ರೀಕಿನಿಂದ ಬಂದುದು. ಗ್ರೀಕಿನಲ್ಲಿ ‘ಮಾರ್ಸಿಪೊಸ್’ ಎಂದರೆ ಚೀಲ. ಅದರ ಅಲ್ಪಾರ್ಥಕ ರೂಪ ‘ಮಾರ್ಸಿಪಿಯೊನ್’, ಎಂದರೆ ಕಿರುಚೀಲ. ಆದುದರಿಂದ ಮೂಲಾರ್ಥಕ್ಕೆ ಅತ್ಯಂತ ಸಮೀಪವಾದ ಕನ್ನಡ ಪದವನ್ನು ಹೇಳೆಂದರೆ ನಾನು ‘ಹಮ್ಮಿಣಿ’ ಎಂದೇನು. ನಮ್ಮ ಭಾಷೆಯಲ್ಲಿ ಚೀಲಗಳಿಗೆ ಬಡತನವಿಲ್ಲ. ಎಲೆಯಡಕೆಗೆ ಸಂಚಿ, ಹಣಕ್ಕೆ ಹಮ್ಮಿಣಿ, ಎತ್ತಿನ ಬೆನ್ನಿನ ಮೇಲೆ ಹೇರುವುದಕ್ಕೆ ಹಸುಬೆ, ಭಿಕ್ಷೆಗೆ ಜೋಳಿಗೆ. ಒಂದೊಂದು ಹೆಸರು ಒಂದೊಂದು ಉಪಯೋಗವನ್ನು ಹೇಳುತ್ತದೆ. ರೋಮನರ ಮಾರ್ಸೂಪಿಯಂ ವ್ಯಾಪಾರಿಯ ನಡುವಿನಲ್ಲಿ ತೂಗಾಡಿದ ಹಮ್ಮಿಣಿ. ಅದರೊಳಗೆ ಒಂದು ದಿನ ಕೂಸು ಮಲಗೀತೆಂದು ಪ್ಲಾಟಸನು ಎಣಿಸಿರಲಾರನು.

ಹಣದ ಚೀಲ ಪ್ರಾಣಿಯ ಮೈಗೆ ಬಂದದ್ದು ಹೇಗೆ? ಯೂರೋಪಿನವರು ಇಂತಹ ಪ್ರಾಣಿಯನ್ನು ಮೊದಲು ಕಂಡದ್ದು ಆಸ್ಟ್ರೇಲಿಯದಲ್ಲಿ ಅಲ್ಲ, ಅಮೆರಿಕದಲ್ಲಿ. ಇದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಸ್ಪೇನಿನ ನಾವಿಕ ವಿಸೆಂಟೆ ಯಾನೆಜ್ ಪಿನ್ಜೋನನು 1500ರಲ್ಲಿ ಬ್ರೆಜಿಲಿನ ಕರಾವಳಿಯಿಂದ ಮರಳುವಾಗ ಹೊಟ್ಟೆಯ ಚೀಲದಲ್ಲಿ ಮರಿಗಳಿದ್ದ ಒಂದು ಹೆಣ್ಣು ಒಪಾಸಮ್ಮನ್ನು ಹಿಡಿದು ತಂದನು. ಮುಂದೆ 1612ರಲ್ಲಿ ಇಂಗ್ಲೆಂಡಿನ ಜಾನ್ ಸ್ಮಿತ್ತನು ವರ್ಜೀನಿಯ ಪ್ರಾಂತವನ್ನು ಕುರಿತು ಬರೆದ ಪುಸ್ತಕದಲ್ಲಿ ಅದೇ ಕುಲದ ಪ್ರಾಣಿಯನ್ನು ವರ್ಣಿಸಿ, ಅಲ್ಲಿನ ಪೌಹಟನ್ ಜನರ ಮಾತಿನಿಂದ ಅದರ ಹೆಸರನ್ನು ತೆಗೆದುಕೊಂಡನು. ಆ ಮಾತಿಗೆ ಬಿಳಿಯ ನಾಯಿ ಅಥವಾ ಬಿಳಿಯ ಮೃಗವೆಂದು ಅರ್ಥ. ಆ ಜನ ಬಣ್ಣವನ್ನು ನೋಡಿ ಹೆಸರಿಟ್ಟರು. ಹೊರಗಿನಿಂದ ಬಂದವರ ಕಣ್ಣಿಗೆ ಬಿದ್ದದ್ದು ಚೀಲ. 1698ರಲ್ಲಿ ಲಂಡನ್ನಿನ ವೈದ್ಯ ಎಡ್ವರ್ಡ್ ಟೈಸನ್ನನು ಒಂದು ಹೆಣ್ಣು ಒಪಾಸಮ್ಮಿನ ಅಂಗಚ್ಛೇದನ ಮಾಡಿ ಅದರ ಒಳರಚನೆಯನ್ನು ಪ್ರಕಟಿಸಿದನು. ಆ ಪ್ರಬಂಧದ ಶೀರ್ಷಿಕೆಯಲ್ಲಿಯೇ ಅವನು ಅದನ್ನು ಅಮೆರಿಕದ ‘ಮಾರ್ಸೂಪಿಯಾಲೆ’ ಎಂದು ಕರೆದಿದ್ದಾನೆ. ಹೀಗೆ ಹಣದ ಚೀಲದ ಹೆಸರು ಪ್ರಾಣಿಗೆ ಅಂಟಿತು. 1811ರಲ್ಲಿ ಜರ್ಮನಿಯ ಇಲ್ಲಿಗರನು ‘ಮಾರ್ಸೂಪಿಯೇಲಿಯ’ ಎಂಬುದನ್ನು ಒಂದು ಗಣದ ಹೆಸರಾಗಿಯೇ ನಿಲ್ಲಿಸಿದನು.

ಆಸ್ಟ್ರೇಲಿಯದ ಕಡೆಯಲ್ಲಿ 1629ರಲ್ಲಿ ನಡೆದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ಡಚ್ಚರ ‘ಬಟಾವಿಯ’ ಎಂಬ ಹಡಗು ಆಸ್ಟ್ರೇಲಿಯದ ಪಶ್ಚಿಮ ಕರಾವಳಿಯ ಬಂಡೆಗಳಿಗೆ ತಾಗಿ ಒಡೆಯಿತು. ಅದರ ಮುಖ್ಯಾಧಿಕಾರಿ ಫ್ರಾನ್ಸಿಸ್ಕೊ ಪೆಲ್ಸಾರ್ಟನು ಅಲ್ಲಿನ ದ್ವೀಪಗಳಲ್ಲಿ ಟಾಮರ್ ಎಂಬ ಕಿರುಜಾತಿಯ ವಾಲಬಿಗಳನ್ನು ಕಂಡನು. ವಾಲಬಿ ಎಂದರೆ ಕಾಂಗರೂವಿನ ಚಿಕ್ಕ ದಾಯಾದಿ. ಚೀಲದೊಳಗೆ ಮೊಲೆಯ ತುದಿಗೆ ಕಚ್ಚಿಕೊಂಡಿದ್ದ, ಹುರುಳಿಕಾಳಿನಷ್ಟೇ ಸಣ್ಣ ಮರಿಯನ್ನು ನೋಡಿ, ಮರಿಗಳು ಮೊಲೆಯಿಂದಲೇ ಬೆಳೆದು ಬರುತ್ತವೆಂದು ಅವನು ಬರೆದನು. ನಗುವ ಮೊದಲು ನಮ್ಮ ಭಾಷೆಯನ್ನು ನೋಡಿಕೊಳ್ಳಬೇಕು. ಕನ್ನಡದಲ್ಲಿ ಮೊಲೆಯ ತುದಿಗೂ ‘ತೊಟ್ಟು’ ಎನ್ನುತ್ತೇವೆ. ಕಾಯಿ ಕೊಂಬೆಗೆ ಸೇರಿರುವ ಎಡೆಗೂ ‘ತೊಟ್ಟು’ ಎನ್ನುತ್ತೇವೆ. ಮರಿಯ ಬಾಯಿಯೊಳಗೆ ತೊಟ್ಟಿನ ತುದಿ ಊದಿಕೊಂಡು ಎಳೆದರೂ ಬಿಡದಂತೆ ನಿಲ್ಲುವುದರಿಂದ, ನೋಡುವವರಿಗೆ ಮರಿ ತೊಟ್ಟಿನಲ್ಲಿ ಬಿಟ್ಟ ಕಾಯಿಯಂತೆಯೇ ತೋರುತ್ತದೆ. ಈ ಭ್ರಾಂತಿಯು ಅಮೆರಿಕದ ಹಳ್ಳಿಗರಲ್ಲಿಯೂ ಆಸ್ಟ್ರೇಲಿಯದಲ್ಲಿ ನೆಲಸಿದವರಲ್ಲಿಯೂ ಬಹುಕಾಲ ಉಳಿದಿತ್ತು. ಟೆಕ್ಸಾಸಿನ ಕಾರ್ಲ್ ಹಾರ್ಟ್‌ಮನ್ನನು ಒಪಾಸಮ್ಮಿನ ಪ್ರಸವವನ್ನು ಕಾದು ಕುಳಿತು ಕಂಡು, 1920ರಲ್ಲಿ ಅದರ ವಿವರವನ್ನು ಪ್ರಕಟಿಸಿದನು.

ಆ ಪ್ರಸವದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯಕ. ಏಕೆಂದರೆ ಈ ಪ್ರಾಣಿಗಳ ನಿಜವಾದ ವೈಶಿಷ್ಟ್ಯ ಇರುವುದು ಇಲ್ಲಿ. ಕೆಂಪು ಕಾಂಗರೂವನ್ನು ತೆಗೆದುಕೊಳ್ಳೋಣ. ಗರ್ಭಾವಧಿ ಸುಮಾರು 33 ದಿನ ಮಾತ್ರ. ಹುಟ್ಟುವ ಮರಿಯ ತೂಕ ಒಂದು ಗ್ರಾಮಿಗೂ ಕಡಿಮೆ. ಉದ್ದ ಒಂದು ಅಂಗುಲದಷ್ಟು. ಕಣ್ಣು ತೆರೆದಿಲ್ಲ, ಕೂದಲು ಮೂಡಿಲ್ಲ. ಮುಂದೆ ಎಂಟು ಮೀಟರು ನೆಗೆಯಬೇಕಾದ ಆ ಹಿಂಗಾಲುಗಳು ಇನ್ನೂ ಮೊಗ್ಗುಗಳಂತೆ ಇವೆ. ಆದರೆ ಮುಂಗಾಲುಗಳು ಮಾತ್ರ ಬಲಿತು, ಉಗುರುಗಳನ್ನೂ ಪಡೆದಿವೆ. ತಾಯಿ ಬಾಲವನ್ನು ಕಾಲುಗಳ ನಡುವೆ ಮುಂದಕ್ಕೆ ಚಾಚಿ ಒರಗಿ ಕುಳಿತಿರುತ್ತದೆ. ಮರಿ ಆ ಮುಂಗಾಲುಗಳಿಂದ ತಾಯಿಯ ರೋಮಗಳನ್ನು ಹಿಡಿಹಿಡಿದು, ವಾಸನೆಯ ಜಾಡಿನಲ್ಲಿ, ಕೆಲವೇ ನಿಮಿಷಗಳಲ್ಲಿ ಚೀಲವನ್ನು ಏರಿ ಸೇರುತ್ತದೆ. ತಾಯಿ ಅದನ್ನು ಎತ್ತುವುದಿಲ್ಲ, ಕೈಹಿಡಿದು ನಡೆಸುವುದಿಲ್ಲ. ದಾರಿಯಲ್ಲಿ ಜಾರಿ ಬಿದ್ದರೆ ಮರಿಗೆ ಉಳಿವಿಲ್ಲ. ಒಳಗೆ ನಾಲ್ಕು ತೊಟ್ಟುಗಳುಂಟು; ಒಂದನ್ನು ಕಚ್ಚಿತೆಂದರೆ ಎರಡು ತಿಂಗಳಿಗೂ ಮೇಲೆ ಬಿಡದೆ ಅಂಟಿಕೊಂಡಿರುತ್ತದೆ. ಚೀಲವನ್ನು ಕಟ್ಟಕಡೆಗೆ ಬಿಡುವುದು ಸುಮಾರು 235 ದಿನಗಳ ಬಳಿಕ. ನಮ್ಮ ಹಸು ಗರ್ಭದಲ್ಲಿ ಮಾಡುವ ಕಾರ್ಯದ ಬಹುಭಾಗವನ್ನು ಕಾಂಗರೂ ಹಾಲಿನಿಂದ ಮಾಡುತ್ತದೆಂದು ಹೇಳಿದರೆ ತಪ್ಪಾಗದು.

ಹಾಲಿನ ವಿಷಯವಂತೂ ಅತ್ಯಂತ ಕುತೂಹಲಕಾರಿ. ದೊಡ್ಡ ಮರಿ ಚೀಲವನ್ನು ಬಿಟ್ಟ ಒಂದೆರಡು ದಿನಗಳಲ್ಲಿಯೇ ಮತ್ತೊಂದು ಮರಿ ಹುಟ್ಟಿ ಒಳಗೆ ಬರುವುದುಂಟು. ದೊಡ್ಡದು ಹೊರಗೆ ನಿಂತು, ತಲೆಯನ್ನು ಮಾತ್ರ ಚೀಲದೊಳಗೆ ತೂರಿಸಿ ತನ್ನ ಹಳೆಯ ತೊಟ್ಟಿನಿಂದಲೇ ಕುಡಿಯುತ್ತದೆ. ಚಿಕ್ಕದು ಬೇರೆಯ ತೊಟ್ಟಿನಿಂದ ಕುಡಿಯುತ್ತದೆ. ಒಂದೇ ತಾಯಿ, ಒಂದೇ ಹೊತ್ತಿನಲ್ಲಿ, ಪಕ್ಕಪಕ್ಕದ ಎರಡು ತೊಟ್ಟುಗಳಲ್ಲಿ ಎರಡು ಬಗೆಯ ಹಾಲನ್ನು ಕೊಡುತ್ತದೆ: ದೊಡ್ಡದಕ್ಕೆ ಕೊಬ್ಬು ಹೆಚ್ಚಾದ ಗಟ್ಟಿ ಹಾಲು, ಚಿಕ್ಕದಕ್ಕೆ ತಿಳಿ ಹಾಲು. ಸಾಲದುದಕ್ಕೆ ಗರ್ಭದಲ್ಲಿ ಮೂರನೆಯದೊಂದು ಪಿಂಡವು ಬೆಳೆಯದೆ ತಡೆದು ನಿಂತು ತನ್ನ ಸರದಿಗಾಗಿ ಕಾಯುತ್ತಿರುತ್ತದೆ.

ಎಲ್ಲ ಮರಿಗಳಿಗೂ ಈ ಭಾಗ್ಯವಿಲ್ಲ. ಉತ್ತರ ಅಮೆರಿಕದ ಒಪಾಸಮ್ಮಿನ ಗರ್ಭಾವಧಿ 12-13 ದಿನ. ಒಂದು ಸೂಲಿಗೆ ಇಪ್ಪತ್ತರಷ್ಟು ಮರಿಗಳು ಹುಟ್ಟುವುದುಂಟು. ತೊಟ್ಟುಗಳಾದರೋ ಸಾಮಾನ್ಯವಾಗಿ 13. ತೊಟ್ಟು ಸಿಕ್ಕದ ಮರಿ ಚೀಲವನ್ನು ಮುಟ್ಟಿಯೂ ಬದುಕುವುದಿಲ್ಲ. ಚೀಲವಿದ್ದೂ ತೊಟ್ಟಿಲ್ಲದಿದ್ದರೆ ಸಾವು ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಲಕ್ಷಣವಿಚಾರದಲ್ಲಿ ಇದು ಮತ್ತೆ ಬೇಕಾಗುತ್ತದೆ.

ಇದಕ್ಕೆ ಮೊದಲು ಲಿನ್ನೇಯಸನು ಒಪಾಸಮ್ಮಿಗೆ ಇಟ್ಟ ಹೆಸರನ್ನು ನೋಡೋಣ. 1758ರಲ್ಲಿ ಅವನು ಅದನ್ನು ‘ಡೈಡೆಲ್ಫಿಸ್’ ಎಂದು ಕರೆದನು. ಗ್ರೀಕಿನಲ್ಲಿ ‘ಡೆಲ್ಫಿಸ್’ ಎಂದರೆ ಗರ್ಭಾಶಯ; ‘ಡೈ’ ಎಂದರೆ ಎರಡು. ಆದ್ದರಿಂದ ಡೈಡೆಲ್ಫಿಸ್ ಎಂದರೆ ದ್ವಿಗರ್ಭಿಣಿ. ಸಂಸ್ಕೃತ ಬಲ್ಲವರಿಗೆ ಇದರಲ್ಲಿ ಒಂದು ಸಂತೋಷವುಂಟು. ಗ್ರೀಕಿನ ‘ಡೆಲ್ಫಿಸ್’ ಶಬ್ದವೂ ಸಂಸ್ಕೃತದ ‘ಗರ್ಭ’ ಶಬ್ದವೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಗ್ರೀಕರು ಸಹೋದರನಿಗೆ ‘ಅಡೆಲ್ಫೊಸ್’, ಎಂದರೆ ಒಂದೇ ಗರ್ಭದವನು, ಎನ್ನುತ್ತಾರೆ. ಸಂಸ್ಕೃತದಲ್ಲಿ ‘ಸಗರ್ಭ್ಯ’ ಎಂಬ ಶಬ್ದಕ್ಕೂ ಅದೇ ಅರ್ಥ. ದೂರದ ಎರಡು ಭಾಷೆಗಳು ಒಡಹುಟ್ಟಿದವನನ್ನು ಒಂದೇ ರೀತಿಯಲ್ಲಿ ಎಣಿಸಿದವು. ಇರಲಿ. ಲಿನ್ನೇಯಸನ ಭಾವ ಸ್ಪಷ್ಟವಾಗಿಯೇ ಇದೆ: ಒಳಗಿನದು ಒಂದು ಗರ್ಭಾಶಯ, ಹೊರಗಿನ ಚೀಲವೇ ಎರಡನೆಯದು. ಚಮತ್ಕಾರವೇನೆಂದರೆ, ಈ ಕುಲದ ಹೆಣ್ಣುಗಳಿಗೆ ಚೀಲವನ್ನು ಲೆಕ್ಕಕ್ಕೆ ಹಿಡಿಯದೆಯೇ, ಒಡಲೊಳಗೆ ಎರಡು ಬೇರೆಬೇರೆ ಗರ್ಭಾಶಯಗಳೇ ಇರುತ್ತವೆ. ಪ್ರಸವಕ್ಕೆ ನಡುವೆ ಪ್ರತ್ಯೇಕವಾದ ದಾರಿಯಿರುತ್ತದೆ. ಒಂದು ಕಾರಣಕ್ಕಾಗಿ ಇಟ್ಟ ಹೆಸರು ಮತ್ತೊಂದು ಕಾರಣದಿಂದ ಅಕ್ಷರಶಃ ನಿಜವಾಯಿತು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ದಕ್ಷಿಣ ಅಮೆರಿಕದಲ್ಲಿ ಚೀಲವಿಲ್ಲದ ಒಂದು ಬಗೆಯ ಕಿರು ಒಪಾಸಮ್ಮಿಗೆ ‘ಮಾನೊಡೆಲ್ಫಿಸ್’, ಎಂದರೆ ಏಕಗರ್ಭಿಣಿ, ಎಂಬ ಹೆಸರಿದೆ. ಅದಕ್ಕೂ ಒಳಗೆ ಎರಡು ಗರ್ಭಾಶಯಗಳೇ! ಚೀಲವನ್ನೇ ಗರ್ಭವೆಂದು ಎಣಿಸಿದ ಕಡೆ ಇಂತಹ ವಿಪರ್ಯಾಸಗಳು ತಪ್ಪವು.

ಈಗ ಲಕ್ಷಣವಿಚಾರಕ್ಕೆ ಬರೋಣ. ನಮ್ಮ ತರ್ಕಶಾಸ್ತ್ರದ ಬಾಲಬೋಧೆಯಾದ ಅನ್ನಂಭಟ್ಟನ ತರ್ಕಸಂಗ್ರಹವನ್ನು ವ್ಯಾಖ್ಯಾನದೊಡನೆ ಓದಿದವರಿಗೆ ಲಕ್ಷಣದ ಮೂರು ದೋಷಗಳು ತಿಳಿದೇ ಇವೆ. ಗೋವಿಗೆ ಕಪಿಲವರ್ಣವೇ ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಕೊಂಬುಳ್ಳದ್ದು ಗೋವು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಅದು ಅತಿವ್ಯಾಪ್ತಿ. ಒಂದೇ ಗೊರಸುಳ್ಳದ್ದು ಗೋವು ಎಂದರೆ ಯಾವ ಹಸುವೂ ಸಿಕ್ಕುವುದಿಲ್ಲ, ಅದು ಅಸಂಭವ. ‘ಚೀಲವುಳ್ಳದ್ದು ಮಾರ್ಸೂಪಿಯಲ್’ ಎಂಬ ನಮ್ಮ ವಾಕ್ಯವನ್ನು ಈ ಒರೆಗಲ್ಲಿಗೆ ತಿಕ್ಕಿದರೆ ಏನಾಗುತ್ತದೆ?

ಒಮ್ಮೆ ಎಂಟನೆಯ ತರಗತಿಯ ಹುಡುಗನೊಬ್ಬನು, ‘ಗಂಡು ಕಾಂಗರೂವಿಗೆ ಚೀಲವಿಲ್ಲವಂತೆ, ಹಾಗಾದರೆ ಅದು ಯಾವ ವರ್ಗ?’ ಎಂದು ಕೇಳಿದನು. ಆ ಬಾಲಕನಿಗೆ ತರ್ಕಸಂಗ್ರಹದ ಗಂಧವಿರಲಿಲ್ಲ; ಆದರೂ ಅವನು ಎತ್ತಿದ್ದು ಶುದ್ಧವಾದ ಅವ್ಯಾಪ್ತಿದೋಷವನ್ನೇ. ಕುಲದ ಅರ್ಧವನ್ನು ಹೊರಗೆ ಬಿಡುವ ಲಕ್ಷಣವು ಲಕ್ಷಣವೇ ಅಲ್ಲ. ಹೆಣ್ಣುಗಳಲ್ಲಿಯಾದರೂ ಎಲ್ಲಕ್ಕೂ ಚೀಲವುಂಟೇ ಎಂದರೆ ಅದೂ ಇಲ್ಲ. ಈಗ ಹೇಳಿದ ಮಾನೊಡೆಲ್ಫಿಸ್ಸಿಗೆ ಇಲ್ಲ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಗೆದ್ದಲುಗಳನ್ನೇ ತಿಂದು ಬದುಕುವ, ಬೆನ್ನಿನ ಮೇಲೆ ಅಡ್ಡಪಟ್ಟೆಗಳುಳ್ಳ ನಂಬಟ್ ಎಂಬ ಅಪರೂಪದ ಪ್ರಾಣಿಗೂ ಇಲ್ಲ. ಅದರ ನಾಲ್ಕು ಮರಿಗಳು ನಾಲ್ಕು ತೊಟ್ಟುಗಳನ್ನು ಕಚ್ಚಿಕೊಂಡು, ತಾಯಿಯ ಹೊಟ್ಟೆಯಡಿಯ ಉದ್ದ ಕೂದಲಿನ ಮರೆಯಲ್ಲಿ ಜೋತಾಡುತ್ತ ಬೆಳೆಯುತ್ತವೆ. ಚೀಲವಿಲ್ಲದೆ ನಂಬಟ್ಟಿನ ಮರಿ ಬದುಕುತ್ತದೆ. ತೊಟ್ಟಿಲ್ಲದೆ ಒಪಾಸಮ್ಮಿನ ಮರಿ ಸಾಯುತ್ತದೆ. ಯಾವುದು ಮುಖ್ಯ, ಯಾವುದು ಆನುಷಂಗಿಕ ಎಂಬುದು ಇದರಿಂದಲೇ ತೋರುತ್ತದೆ.

ಅತಿವ್ಯಾಪ್ತಿಗೂ ಕೊರತೆಯಿಲ್ಲ. ಮೊಟ್ಟೆಯಿಡುವ ಸಸ್ತನಿಯಾದ ಎಕಿಡ್ನ, ಎಂದರೆ ಆಸ್ಟ್ರೇಲಿಯದ ಮುಳ್ಳುಮೈಯ ಇರುವೆಬಾಕ, ಸೂಲಿನ ಕಾಲದಲ್ಲಿ ಹೊಟ್ಟೆಯ ಚರ್ಮವನ್ನು ಚೀಲದಂತೆ ಮಡಿಸಿ ಮೊಟ್ಟೆಯನ್ನು ಅದರಲ್ಲಿ ಇಟ್ಟುಕೊಳ್ಳುತ್ತದೆ. ಅದು ಮಾರ್ಸೂಪಿಯಲ್ ಅಲ್ಲ. ಕಡಲಕುದುರೆ ಎಂಬ ಮೀನಿನಲ್ಲಿ ಗಂಡಿಗೇ ಚೀಲ; ಹೆಣ್ಣು ಮೊಟ್ಟೆಗಳನ್ನು ಅದರೊಳಗೆ ಇಡುತ್ತದೆ, ಗಂಡು ಮರಿಗಳನ್ನು ಹೊರಗೆ ಬಿಡುತ್ತದೆ. ನಮ್ಮ ಹಿತ್ತಿಲಿನ ಕಲ್ಲು ಎಬ್ಬಿಸಿದರೆ ಕಾಣುವ, ಹಲವು ಕಾಲುಗಳ ಬೂದುಬಣ್ಣದ ಚಿಪ್ಪುಹುಳುಗಳಿವೆಯಲ್ಲ, ಏಡಿ ಸಿಗಡಿಗಳ ದೂರದ ಬಂಧುಗಳು, ಅವುಗಳ ಹೆಣ್ಣಿಗೂ ಮೊಟ್ಟೆಯಿಡುವ ಚೀಲವೊಂದುಂಟು; ಪ್ರಾಣಿಶಾಸ್ತ್ರಜ್ಞರು ಅದನ್ನೂ ‘ಮಾರ್ಸೂಪಿಯಂ’ ಎಂದೇ ಕರೆಯುತ್ತಾರೆ! ಇನ್ನು ಎಲುಬಿನ ವಿಷಯ. ಸೊಂಟದ ಮುಂದೆ ಚಾಚಿರುವ ಒಂದು ಜೊತೆ ಎಲುಬುಗಳಿಗೆ, ಅವು ಚೀಲಕ್ಕೆ ಆಸರೆಯೆಂದು ತಿಳಿದು, ಹಿಂದಿನವರು ‘ಚೀಲದ ಎಲುಬು’ಗಳೆಂಬ ಹೆಸರಿಟ್ಟರು. ಅವು ಚೀಲವಿಲ್ಲದ ಗಂಡಿನಲ್ಲಿಯೂ ಇವೆ, ಎಕಿಡ್ನದಲ್ಲಿಯೂ ಇವೆ.

ಹಾಗೆಂದು ‘ಮಾರ್ಸೂಪಿಯಲ್’ ಎಂಬ ಹೆಸರನ್ನು ಕಿತ್ತೊಗೆಯಬೇಕಾಗಿಲ್ಲ. ಶಬ್ದದ ಶಕ್ತಿಯನ್ನು ನಮ್ಮ ಶಾಸ್ತ್ರಕಾರರು ಯೋಗ, ರೂಢಿ, ಯೋಗರೂಢಿ ಎಂದು ವಿಭಾಗಿಸಿದ್ದಾರೆ. ಪಂಕಜವೆಂದರೆ ಕೆಸರಿನಲ್ಲಿ ಹುಟ್ಟಿದ್ದು. ಆದರೆ ಕೆಸರಿನಲ್ಲಿ ಹುಟ್ಟುವ ಹುಳುವನ್ನಾಗಲಿ ಕಪ್ಪೆಯನ್ನಾಗಲಿ ಯಾರೂ ಪಂಕಜವೆನ್ನುವುದಿಲ್ಲ. ನೆಲದಲ್ಲಿ ಬೆಳೆಯುವ ಮೆಟ್ಟುದಾವರೆಗೆ ಕೆಸರಿಲ್ಲದಿದ್ದರೂ ತಾವರೆಯೆಂಬ ಹೆಸರು ತಪ್ಪಿಲ್ಲ. ಅವಯವಾರ್ಥವು ಹೆಸರಿನ ಹುಟ್ಟನ್ನು ತಿಳಿಸುತ್ತದೆ. ಹೆಸರಿನ ವ್ಯಾಪ್ತಿಯನ್ನು ರೂಢಿ ಗೊತ್ತುಮಾಡುತ್ತದೆ. ಮಾರ್ಸೂಪಿಯಲ್ ಎಂಬುದೂ ಹಾಗೆಯೇ ಯೋಗರೂಢ ಶಬ್ದ. ತರಗತಿಯಲ್ಲಿ ಆಗುತ್ತಿರುವ ತಪ್ಪು ಇಷ್ಟೇ: ಯೋಗಾರ್ಥವನ್ನು ಬರೆಯಿಸಿ ಅದನ್ನೇ ಲಕ್ಷಣವೆಂದು ಒಪ್ಪಿಸಿಕೊಳ್ಳುತ್ತಿದ್ದೇವೆ. ಅಪಕ್ವಸ್ಥಿತಿಯಲ್ಲಿ ಹುಟ್ಟಿ, ತೊಟ್ಟಿಗೆ ಅಂಟಿಕೊಂಡು, ಗರ್ಭದಲ್ಲಿ ಕಳೆದುದಕ್ಕಿಂತ ಬಹುಪಾಲು ದೀರ್ಘವಾದ ಕಾಲವನ್ನು ಹಾಲಿನಿಂದಲೇ ಕಳೆದು ಬೆಳೆಯುವ ಸಸ್ತನಿಕುಲ ಎಂದು ಬರೆಯಿಸಿದರೆ ವಾಕ್ಯ ಸ್ವಲ್ಪ ಉದ್ದವಾದೀತು, ಆದರೆ ಗಂಡೂ ನಂಬಟ್ಟೂ ಒಳಗುಳಿದಾವು. ಎಕಿಡ್ನವೂ ಕಡಲಕುದುರೆಯೂ ಹೊರಗುಳಿದಾವು.

ಇಲ್ಲಿ ಮತ್ತೊಂದು ಎಚ್ಚರಿಕೆ. ಉಳಿದ ಸಸ್ತನಿಗಳನ್ನು ‘ಜರಾಯುವುಳ್ಳವು’ ಎಂದು ಬೇರ್ಪಡಿಸಿ, ಇವಕ್ಕೆ ಜರಾಯುವೇ ಇಲ್ಲವೆಂದು ಬರೆಯುವ ಪುಸ್ತಕಗಳುಂಟು. ಅದು ಸರಿಯಲ್ಲ. ಇವಕ್ಕೂ ಅಲ್ಪಕಾಲದ ಜರಾಯು ಇದ್ದೇ ಇದೆ. ಬಹುಮಟ್ಟಿಗೆ ಅದು ಭಂಡಾರಚೀಲದಿಂದ ಆದದ್ದು, ಬ್ಯಾಂಡಿಕೂಟ್ ಎಂಬ ಜಾತಿಯಲ್ಲಿಯಾದರೋ ನಮ್ಮಂತಹ ಜರಾಯುವೂ ಕೆಲವು ದಿನ ಬೆಳೆಯುತ್ತದೆ. ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜವೆಂಬ ನಮ್ಮ ಹಳೆಯ ವಿಂಗಡಣೆಯನ್ನು ಹಿಡಿದರೆ ಕಾಂಗರೂ ನಿಸ್ಸಂದೇಹವಾಗಿ ಜರಾಯುಜ. 1880ರಲ್ಲಿ ಹಕ್ಸ್‌ಲಿಯು ಇವನ್ನು ‘ಮೆಟಥೀರಿಯ’ವೆಂದು ಕರೆದು, ಮೊಟ್ಟೆಯಿಡುವವಕ್ಕೂ ನಮ್ಮಂತಹವಕ್ಕೂ ನಡುವಣ ಮೆಟ್ಟಿಲಿನಲ್ಲಿ ಕೂರಿಸಿದನು. ಆ ಮೆಟ್ಟಿಲಿನ ಕಲ್ಪನೆಯನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಇವು ನಮ್ಮ ಕುಲದಿಂದ ಬಹು ಹಿಂದೆಯೇ ಕವಲೊಡೆದು ತಮ್ಮದೇ ದಾರಿಯಲ್ಲಿ ಬೆಳೆದ ದಾಯಾದಿಗಳು. ಇವುಗಳಲ್ಲಿ ಮುನ್ನೂರಕ್ಕೂ ಮೀರಿದ ಜಾತಿಗಳುಂಟು. ಅಮೆರಿಕದಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಇದ್ದು ನಡುವೆ ಎಲ್ಲಿಯೂ ಇಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರ ದಕ್ಷಿಣಧ್ರುವದ ಕಡೆಯಿಂದ ಬಂದಿದೆ. ಆ ಮೂರು ಭೂಭಾಗಗಳು ಒಂದಾಗಿ ಕೂಡಿದ್ದ ಕಾಲದಲ್ಲಿ ಇವು ಅಂಟಾರ್ಕ್ಟಿಕದ ಮೂಲಕ ದಾಟಿದವು. ಅಲ್ಲಿನ ಸೀಮೋರ್ ದ್ವೀಪದಲ್ಲಿ 1982ರಲ್ಲಿ ಇವುಗಳ ಪಳೆಯುಳಿಕೆಯೂ ದೊರೆಯಿತು.

ಒಂದೊಂದು ಪ್ರಾಣಿಯ ಹೆಸರನ್ನೂ ವಿಚಾರಿಸಲು ಸ್ಥಳವಿಲ್ಲ. ಮೂರನ್ನು ಮಾತ್ರ ಹೇಳುತ್ತೇನೆ. ಕಾಂಗರೂ ಎಂದರೆ ‘ನನಗೆ ತಿಳಿಯದು’ ಎಂಬ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಬಿಳಿಯನು ಕೈತೋರಿಸಿ ಕೇಳಿದನಂತೆ, ಮೂಲನಿವಾಸಿಯು ತಿಳಿಯದೆಂದನಂತೆ, ಅದೇ ಹೆಸರಾಯಿತಂತೆ. ನಗೆಗೆ ಚೆನ್ನಾಗಿದೆ, ಆದರೆ ಸುಳ್ಳು. 1770ರಲ್ಲಿ ಕುಕ್ಕನ ‘ಎಂಡೆವರ್’ ಹಡಗು ಆಸ್ಟ್ರೇಲಿಯದ ಈಶಾನ್ಯ ಕರಾವಳಿಯ ಹವಳದ ದಿಬ್ಬಕ್ಕೆ ತಾಗಿ, ದುರಸ್ತಿಗಾಗಿ ನದೀಮುಖದಲ್ಲಿ ನಿಂತಾಗ, ಅವನೂ ಜೊತೆಯಲ್ಲಿದ್ದ ಬ್ಯಾಂಕ್ಸನೂ ಅಲ್ಲಿನ ಗೂಗು ಯಿಮಿದಿರ್ ಜನರಿಂದ ಆ ಶಬ್ದವನ್ನು ಬರೆದುಕೊಂಡರು. 1970ರ ದಶಕದ ಆದಿಯಲ್ಲಿ ಜಾನ್ ಹ್ಯಾವಿಲ್ಯಾಂಡ್ ಎಂಬ ವಿದ್ವಾಂಸರು ಅದೇ ಜನರ ಭಾಷೆಯನ್ನು ಅಭ್ಯಾಸ ಮಾಡಿದಾಗ, ‘ಗಂಗುರ್ರು’ ಎಂಬುದು ಒಂದು ಬಗೆಯ ದೊಡ್ಡ ಕಾಂಗರೂವಿನ ಹೆಸರಾಗಿ ಅವರ ಬಾಯಲ್ಲಿ ಇನ್ನೂ ಇತ್ತು. ಇನ್ನೂರು ವರ್ಷ ಆ ಜನರನ್ನು ಹೋಗಿ ಕೇಳದೆ ಕಥೆಯನ್ನು ನಂಬಿಕೊಂಡು ಬಂದದ್ದು ಸೋಜಿಗ.

ಎರಡನೆಯದು ಈಗತಾನೆ ಹೇಳಿದ ಬ್ಯಾಂಡಿಕೂಟ್. ಈ ಹೆಸರು ನಮ್ಮ ನೆರೆಯದು. ತೆಲುಗಿನಲ್ಲಿ ಹೆಗ್ಗಣಕ್ಕೆ ‘ಪಂದಿಕೊಕ್ಕು’ ಎನ್ನುತ್ತಾರೆ, ಎಂದರೆ ಹಂದಿಯಂತಹ ಇಲಿ. ತೆಲುಗಿನ ‘ಪಂದಿ’ ಹಳಗನ್ನಡದಲ್ಲಿಯೂ ‘ಪಂದಿ’ಯೇ, ಪಕಾರವು ಹಕಾರವಾಗಿ ನಮ್ಮ ‘ಹಂದಿ’ಯಾಯಿತು. ಆಂಗ್ಲರು ಇಲ್ಲಿಂದ ಆ ಶಬ್ದವನ್ನು ಹೊತ್ತು ಹೋಗಿ, ಆಸ್ಟ್ರೇಲಿಯದಲ್ಲಿ ಮೂತಿ ಚೂಪಾದ, ನೆಲವನ್ನು ಕೆದಕುವ ಬೇರೊಂದು ಪ್ರಾಣಿಗೆ ಅಂಟಿಸಿದರು. ಹೆಗ್ಗಣಕ್ಕೂ ಅದಕ್ಕೂ ಯಾವ ನೆಂಟಸ್ತನವೂ ಇಲ್ಲ. ಅದರ ಚೀಲದ ಬಾಯಿ ಹಿಂದಕ್ಕೆ ತೆರೆದಿರುತ್ತದೆ. ಮುಂದಕ್ಕೆ ತೆರೆದಿದ್ದರೆ ತಾಯಿ ಕೆದಕಿದ ಮಣ್ಣೆಲ್ಲ ಮರಿಯ ಮೇಲೆಯೇ ಬೀಳುತ್ತಿತ್ತು.

ಮೂರನೆಯದು ದುಃಖದ್ದು. ಟಾಸ್ಮೇನಿಯ ದ್ವೀಪದಲ್ಲಿ ನಾಯಿಯಂತಹ ತಲೆಯುಳ್ಳ, ಬೆನ್ನಿನ ಹಿಂಭಾಗದಲ್ಲಿ ಪಟ್ಟೆಗಳುಳ್ಳ ಒಂದು ಮಾಂಸಾಹಾರಿಯಿತ್ತು. ಶಾಸ್ತ್ರದಲ್ಲಿ ಅದರ ಹೆಸರು ‘ಥೈಲಸೈನ್’. ಗ್ರೀಕಿನ ‘ಥೈಲಕೊಸ್’, ಎಂದರೆ ಚೀಲ, ಅದರ ಮೂಲ. ಈ ಜಾತಿಯಲ್ಲಿ ಗಂಡಿಗೂ ಒಂದು ಬಗೆಯ ಚೀಲವಿತ್ತು. ಕುರಿಗಳನ್ನು ಸಾಕಲು ಬಂದ ವಲಸೆಗಾರರಿಗೆ ಈ ಹೆಸರು ತಿಳಿಯದು. ಅವರು ಅದನ್ನು ‘ಹುಲಿ’ ಎಂದರು, ‘ತೋಳ’ ಎಂದರು. ಹುಲಿಯೆಂದ ಮೇಲೆ ಕೊಲ್ಲದೆ ಬಿಡುವುದುಂಟೇ? ಸರ್ಕಾರವು 1888ರಿಂದ 1909ರವರೆಗೆ ಬೆಳೆದ ಒಂದೊಂದು ಪ್ರಾಣಿಯ ತಲೆಗೆ ಒಂದು ಪೌಂಡ್ ಬಹುಮಾನ ಕೊಟ್ಟಿತು; 2,184 ಬಹುಮಾನಗಳು ಸಂದವು. ಅದರ ದವಡೆಯು ಬೆಳೆದ ಕುರಿಯನ್ನು ಕೆಡಹುವಷ್ಟು ಬಲವಾದುದಲ್ಲವೆಂದು 2011ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹೇಳುತ್ತದೆ. ರೋಗ, ಕಾಡಿನ ನಾಶ, ನಾಯಿಗಳು ಎಂದು ಬೇರೆ ಕಾರಣಗಳೂ ಇದ್ದವು. ಆದರೂ ಆ ತಪ್ಪು ಹೆಸರಿಗೆ ಅದರ ಸಾವಿನಲ್ಲಿ ಪಾಲಿದೆಯೆಂದೇ ನನ್ನ ಅಭಿಪ್ರಾಯ. 1936ರ ಜುಲೈ 10ರಂದು ಅದಕ್ಕೆ ಕಾನೂನಿನ ರಕ್ಷಣೆ ದೊರೆಯಿತು. ಹೋಬಾರ್ಟಿನ ಮೃಗಾಲಯದಲ್ಲಿದ್ದ ಕೊನೆಯ ಪ್ರಾಣಿಯು ಅದೇ ವರ್ಷದ ಸೆಪ್ಟೆಂಬರ್ 7ರಂದು ಸತ್ತಿತು.

ಕೊನೆಗೆ ಕನ್ನಡದ ಹೆಸರಿನ ಮಾತು. ‘ಹೊಟ್ಟೆಚೀಲದ ಪ್ರಾಣಿ’ ಎಂದು ಬರೆಯುವುದು ವಾಡಿಕೆಯಲ್ಲಿದೆ. ತಿಳಿಯುವಂತಿದೆಯೆಂಬುದು ಅದರ ಗುಣ. ಆದರೆ ಚೀಲವೆಂದೊಡನೆ ಹೊರಗಿನಿಂದ ಹೊಲಿದು ಕಟ್ಟಿದ ವಸ್ತುವಿನ ಭಾವನೆ ಬರುತ್ತದೆ. ಈ ಪ್ರಾಣಿಗಳ ಚೀಲವಾದರೋ ಹೊಟ್ಟೆಯ ಚರ್ಮದ ಮಡಿಕೆ. ಅಂತಹ ಮಡಿಕೆಗೆ ನಮ್ಮಲ್ಲಿ ‘ಮಡಿಲು’ ಎಂಬ ಅತ್ಯಂತ ಸೊಗಸಾದ ಶಬ್ದವಿದೆ. ಹೆಂಗಸರು ಸೀರೆಯ ಸೆರಗನ್ನು ಮಡಿಸಿ ಕಾಳನ್ನೋ ಹೂವನ್ನೋ ಇಟ್ಟುಕೊಂಡರೆ ಅದು ಮಡಿಲು. ಕೂಸನ್ನು ಮಲಗಿಸಿಕೊಂಡರೆ ಅದೂ ಮಡಿಲು. ಮಡಿಲು ತುಂಬುವುದೆಂದರೆ ಏನೆಂದು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ನಂಬಟ್ಟಿಗೆ ಚೀಲವಿಲ್ಲ, ಆದರೆ ಮಡಿಲಿಲ್ಲವೆನ್ನಲಾಗದು. ಕೂದಲ ಮರೆಯಲ್ಲಿ ನಾಲ್ಕು ಮರಿಗಳು ಬೆಳೆಯುವ ಎಡೆ ಮತ್ತೇನು?

‘ಮಡಿಲುಪ್ರಾಣಿ’ ಎಂದು ಸಮಾಸ ಮಾಡಬಹುದಲ್ಲ ಎಂದು ಕೆಲವರು ಕೇಳಿಯಾರು. ಮಡಿಲು ಕನ್ನಡ, ಪ್ರಾಣಿ ಸಂಸ್ಕೃತ. ಎರಡನ್ನೂ ಬೆಸೆದರೆ ಅರಿಸಮಾಸವಾಗುತ್ತದೆ. ಪೂರ್ವಕವಿಗಳ ಪ್ರಯೋಗದಲ್ಲಿ ಕಂಡ ಕೆಲವನ್ನು ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಒಪ್ಪಿಕೊಂಡಿದ್ದರೂ, ಹೊಸದಾಗಿ ಕಟ್ಟುವವರು ಆ ದೋಷವನ್ನು ತಪ್ಪಿಸುವುದೇ ಲೇಸು. ‘ಮೃಗ’ ಶಬ್ದದ ತದ್ಭವವಾದ ‘ಮಿಗ’ವನ್ನು ತೆಗೆದುಕೊಂಡರೆ ತೊಡಕಿಲ್ಲ, ಕನ್ನಡಕ್ಕೂ ತದ್ಭವಕ್ಕೂ ಸಮಾಸ ನಿರ್ಬಾಧಕ. ಹೀಗೆ ‘ಮಡಿಲಮಿಗ’ ಎಂಬ ರೂಪವನ್ನು ಉಪಾಧ್ಯಾಯ ಮಿತ್ರರ ಮುಂದೆ ಇಡುತ್ತಿದ್ದೇನೆ. ಮಡಿಲಿನ ಮಿಗ ಎಂದು ಬಿಡಿಸಿದರೆ ತತ್ಪುರುಷ. ಗಂಡು, ಹೆಣ್ಣು, ಮರಿ ಮೂರಕ್ಕೂ ಸಲ್ಲುತ್ತದೆ, ಏಕೆಂದರೆ ಮಡಿಲುಳ್ಳದ್ದು ಮಾತ್ರವೇ ಅಲ್ಲದೆ ಮಡಿಲಿನಲ್ಲಿ ಬೆಳೆದದ್ದೂ ಮಡಿಲಿನದೇ. ತರಗತಿಯಲ್ಲಿ ಬಳಸಿ ನೋಡಿ, ಮಕ್ಕಳ ನಾಲಿಗೆಗೆ ಹೊಂದಿದರೆ ಉಳಿಯಲಿ. ಇಲ್ಲವಾದರೆ ಮಾರ್ಸೂಪಿಯಲ್ ಎಂಬುದು ಹೇಗೂ ಇದ್ದೇ ಇದೆ.